ರಿಪೋರ್ಟ್ ಕೈಗೆ ಬಂದ ಮೇಲೆ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸ್ತನದ, ಗರ್ಭಕೋಶದ ಕ್ಯಾನ್ಸರ್ ಬಗ್ಗೆ ಸಂಘಗಳಲ್ಲಿ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಈವತ್ತು ಗಂಡಸರ ಕಾಯಿಲೆಯ ಮಾತು. ಯಾಕಂದ್ರೆ ಅವರ ರಿಪೋರ್ಟನ್ನು ಚೀಲದಲ್ಲಿಟ್ಟುಕೊಂಡು ಓಡಾಡುವವರು ನಾವೇ ತಾನೆ?

ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅನ್ನುವ ಸಣ್ಣ ಗ್ರಂಥಿ ಇದೆ. ವಯಸ್ಸಾದ ಮೇಲೆ ಅದು ದೊಡ್ಡದಾಗುವುದು ಸಾಮಾನ್ಯ. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರ ತಡೆದು ತಡೆದು ಬರುವುದು ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೂ ಡಾಕ್ಟರು ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಬರೆಯುತ್ತಾರೆ.

ನಮ್ಮ ಸದಸ್ಯೆಯೊಬ್ಬರ ಮನೆಯಲ್ಲಿ ಆದದ್ದು ಹೇಳ್ತೇವೆ. ರಿಪೋರ್ಟಿನಲ್ಲಿ 4ರ ಒಳಗಿರಬೇಕು ಅಂತ ಅಚ್ಚಾಗಿತ್ತು, ಯಜಮಾನರದ್ದು 11 ಬಂದಿತ್ತು. 'ಮುಗೀತು' ಅಂದುಕೊಂಡರು. ಕಾಗದವನ್ನು ಅಕ್ಕಿ ಡಬ್ಬದೊಳಗೆ ಇಟ್ಟು, ಗಂಡನಿಗೆ 'ಏನಿಲ್ಲ ಕಣ್ರೀ, ಬರೀ ಉಷ್ಣ' ಅಂದರು. ಮಾತೆ ಮರಿಯಮ್ಮನವರಿಗೆ ನೊವೇನ ಮಾಡಿದರು. ನೊವೇನ ತಪ್ಪಲ್ಲ, ಕಾಗದ ಬಚ್ಚಿಟ್ಟದ್ದು ತಪ್ಪು. ಮೂರು ವಾರ ಹಾಗೇ ಹೋಯಿತು. ಕಂತು ಕಟ್ಟಲು ಬಂದ ದಿನ ಸಭೆಯಲ್ಲೇ ಅತ್ತುಬಿಟ್ಟರು. ನಮಗೆ ಗೊತ್ತಾದದ್ದು ಆಗಲೇ.

11 ಅಂದ ಕೂಡಲೇ ಕ್ಯಾನ್ಸರ್ ಅಂತಲ್ಲ. ಮೂತ್ರದ ಸೋಂಕು ಇದ್ದರೂ, ಟ್ಯೂಬ್ ಹಾಕಿದ್ದರೂ, ಗ್ರಂಥಿ ಊದಿದ್ದರೂ ಈ ಅಂಕಿ ಏರುತ್ತದೆ. ಚೂರು ಮಾಂಸ ತೆಗೆದು ನೋಡುವ ಬಯಾಪ್ಸಿಯೇ ಖಚಿತ ಹೇಳುವುದು. ಅದರಲ್ಲಿ ಗ್ಲೀಸನ್ ಅಂತ 6ರಿಂದ 10ರವರೆಗೆ ಒಂದು ಅಂಕಿ ಇರುತ್ತದೆ. 6 ಅಂದ್ರೆ ನಿಧಾನದ್ದು. ಅಂಥ ಕೆಲವರಿಗೆ ಔಷಧಿಯೇ ಕೊಡದೆ ಆಗಾಗ ಪರೀಕ್ಷೆ ಮಾಡುತ್ತಾ ಕಾಯುವುದೂ ಉಂಟು. ಅಂಕಿ ಏರಿದಷ್ಟೂ ಜೋರು. ಆಪರೇಷನ್, ಕರೆಂಟ್ ಕೊಡುವುದು ಇದೆ. ಮೂಳೆಗೆ ಹರಡಿದ್ದರೂ ಹಾರ್ಮೋನ್ ಇಂಜೆಕ್ಷನ್ನು ಇದೆ, ಇಲ್ಲವಾದರೆ ಬೀಜ ತೆಗೆಯುತ್ತಾರೆ. ನಮ್ಮ ಗಂಡಸರು ಹಿಂದೇಟು ಹಾಕುವುದು ಇಲ್ಲೇ. ನಾಚಿಕೆ ಬಿಟ್ಟು ಅವರ ಹತ್ತಿರ ಮಾತಾಡಬೇಕಾದವರು ನಾವು.

ಡಾಕ್ಟರ ಹತ್ತಿರ ಇಬ್ಬರು ಹೋಗಿ. ಒಬ್ಬರಿಗೆ ಕಿವಿ ಮುಚ್ಚಿಹೋದರೂ ಇನ್ನೊಬ್ಬರಿಗೆ ಕೇಳಿಸುತ್ತದೆ. ಹರಡಿದೆಯೋ, ಅಂಕಿ ಎಷ್ಟು, ಒಂದು ತಿಂಗಳು ತಡವಾದರೆ ಏನಾಗುತ್ತೆ, ಇಷ್ಟನ್ನಾದರೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಡ್ಡಿಗೆ ತರುವ, ಓಲೆ ಅಡ ಇಡುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿರಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ. ಹೊರಡುವ ಮೊದಲು ನಿಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಪತ್ರ ಕೇಳಿ.

ಆ ಸದಸ್ಯೆಯ ಯಜಮಾನರ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು, ಅಂಕಿ 7. ಅವರಿಗೆ ಹೇಳುವಾಗ ನಮ್ಮ ಕಾರ್ಯಕರ್ತೆಯೂ ಜೊತೆಗಿದ್ದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಂಗೆ ಆವತ್ತೇ ಗೊತ್ತಿತ್ತು, ಕೋಳಿಗೆ ಅಕ್ಕಿ ಹಾಕೋನು ನಾನೇ ಅಲ್ವಾ' ಅಂದರು. ಮೂರು ವಾರ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅತ್ತಿದ್ದಾರೆ. ಈಗ ಚಿಕಿತ್ಸೆ ನಡೆದಿದೆ. ಫೈಲು ಗೋಡೆಯ ಮೊಳೆಗೆ, ಇಬ್ಬರಿಗೂ ಕಾಣುವ ಹಾಗೆ ನೇತಾಡುತ್ತಿದೆ.