ಕಟಕಟೆಯಲ್ಲಿ ನಿಲ್ಲುವ ಪದವಿ



ಆಶಯ ಭಾಷಣವೆಂದರೆ ವಿಷಯದ ಮಹತ್ವವನ್ನು ಅರ್ಧ ಗಂಟೆ ಹೊಗಳುವುದು ಎಂಬ ರೂಢಿಯಿದೆ. ಅದನ್ನು ಬಿಟ್ಟು ನೇರವಾಗಿ ಮಾತಿಗೆ ಬರುತ್ತೇನೆ. ಮಾಹಿತಿ ಸುರಕ್ಷತೆ ಮತ್ತು ಡಿಜಿಟಲ್ ಫೊರೆನ್ಸಿಕ್ಸ್‌ನಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರಬೇಕೆಂದಿರುವವರು ಈ ಸಭೆಯಲ್ಲಿ ಸಾಕಷ್ಟು ಜನ ಇದ್ದೀರಿ. ಯಾವ ವಿಶ್ವವಿದ್ಯಾಲಯ, ಶುಲ್ಕ ಎಷ್ಟು, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತೀರಿ. ನಾನು ಕೇಳುವುದು ಬೇರೆ. ಆ ಪದವಿ ಕೈಗೆ ಬಂದ ಮೇಲೆ ಹಾಸನದ ನ್ಯಾಯಾಲಯದ ಕಟಕಟೆಯಲ್ಲಿ ನಿಂತರೆ, ‘ಈ ವಿಡಿಯೊ ಎಲ್ಲಿಂದ ಬಂತು, ಯಾರ್ಯಾರ ಕೈ ದಾಟಿತು, ನಡುವೆ ಬದಲಾಗಿಲ್ಲ ಎಂದು ಹೇಗೆ ಹೇಳುತ್ತೀರಿ’ ಎಂಬ ಪಾಟೀಸವಾಲಿಗೆ ಉತ್ತರ ಕೊಡಬಲ್ಲಿರಾ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಪುಸ್ತಕದಿಂದ ಬಂದದ್ದಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಮತದಾನದ ಹೊತ್ತಿಗೆ, ಇದೇ ಊರಿನ ಬೀದಿಗಳಲ್ಲಿ ಲೈಂಗಿಕ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ತಿಂಗಳ ಕೊನೆಯಲ್ಲಿ ಹೊಳೆನರಸೀಪುರ ಪಟ್ಟಣ ಠಾಣೆಯಲ್ಲಿ ಲೈಂಗಿಕ ಕಿರುಕುಳದ ದೂರು ದಾಖಲಾಯಿತು, ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ಆ ಸಂಬಂಧದ ಪ್ರಕರಣಗಳಲ್ಲಿ ಒಂದರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಹೆಸರುಗಳು ನಿಮಗೆ ಗೊತ್ತು, ಇಲ್ಲಿ ಬೇಡ. ನನಗೆ ಬೇಕಿರುವುದು ಆ ಪೆನ್‌ಡ್ರೈವ್ ಮಾತ್ರ. ನೋಡಿದವರೆಲ್ಲ ಅದನ್ನೇ ಸಾಕ್ಷ್ಯ ಎಂದುಕೊಂಡರು. ಕುತೂಹಲಕ್ಕೆ ಇನ್ನೊಬ್ಬರಿಗೆ ಕಳಿಸಿದವರು ನೊಂದ ಹೆಣ್ಣುಮಕ್ಕಳನ್ನು ಎರಡನೇ ಸಲ ಬೀದಿಗೆ ತಂದರು. ಅಂಥ ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧವೆಂದು ಎಸ್‌ಐಟಿಯೇ ಪ್ರಕಟಣೆ ಹೊರಡಿಸಬೇಕಾಯಿತು.

ಪರೀಕ್ಷಕನ ಕಣ್ಣಿಗೆ ಬೀದಿಯ ಪೆನ್‌ಡ್ರೈವ್ ಬಹಳ ದುರ್ಬಲ ವಸ್ತು, ಒಳಗಿನ ವಿಡಿಯೊ ಯಾವ ದಾರಿ ದಾಟಿ ಬಂತೆಂದು ಅದು ಹೇಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊ ಕುಗ್ಗುತ್ತದೆ. ಯಾವ ಫೋನು, ಯಾವ ದಿನ, ಯಾವ ಜಾಗ ಎಂದು ಕಡತದೊಳಗೆ ಅಡಗಿದ್ದ ವಿವರ ಬಹುಪಾಲು ಉದುರಿಹೋಗುತ್ತದೆ. ಅದರ ಹ್ಯಾಶ್ ಮೂಲದ ಹ್ಯಾಶ್‌ಗೆ ಹೊಂದುವುದಿಲ್ಲ. ಒಂದು ಕಡತವನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಹಾಕಿದರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ, ಅದೇ ಹ್ಯಾಶ್. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ಸಾಕ್ಷ್ಯದ ಜತೆ ಕೊಡುವ ಪ್ರಮಾಣಪತ್ರದಲ್ಲಿ ಇಂಥ ಹ್ಯಾಶ್ ಸಾಲನ್ನು ಬರೆಯಲೇಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಕಲಮಿನ ಕಾಲದಲ್ಲಿ ಸಾಧನವನ್ನು ನೋಡಿಕೊಳ್ಳುವವರ ಸಹಿ ಸಾಕಿತ್ತು. ಈಗ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದಕ್ಕೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ಇಷ್ಟೊಂದು ತಜ್ಞರನ್ನು ಎಲ್ಲಿಂದ ತರುವುದು? ನೀವು ಸೇರಬೇಕೆಂದಿರುವ ಪದವಿಗೆ ಬೆಲೆ ಬಂದಿರುವುದು ಇಲ್ಲಿ.

ಇದೇನೂ ಈ ಸೀಮೆಗೆ ಹೊಸ ವಿದ್ಯೆಯಲ್ಲ ಎಂದರೆ ನಗಬೇಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ ಅವರಿಗೂ ಜೆ.ಎಫ್. ಫ್ಲೀಟ್ ಅವರಿಗೂ ಗಂಗರ ತಾಮ್ರಪಟಗಳ ಬಗ್ಗೆ ದೀರ್ಘ ಜಗಳ ನಡೆಯಿತು. ಅವು ಅಸಲಿ ಎಂದು ರೈಸ್, ಕೂಟಶಾಸನಗಳು ಎಂದು ಫ್ಲೀಟ್. ಲಿಪಿ ಯಾವ ಕಾಲದ್ದು, ಪಟ ತಾನೇ ಹೇಳಿಕೊಳ್ಳುವ ಕಾಲ ಯಾವುದು, ತಿಥಿವಾರ ಪಂಚಾಂಗಕ್ಕೆ ಕೂಡಿಬರುತ್ತದೆಯೇ ಎಂದು ಜಾಲಾಡುವುದೇ ಆ ಜಗಳದ ತಿರುಳು. ದಾನದ ಜಮೀನು ಉಳಿಸಿಕೊಳ್ಳಲು ಹಿಂದಿನ ದಿನಾಂಕ ಹಾಕಿ ತಾಮ್ರ ಕೊರೆಸಿದವನೂ, ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಕರಾರುಪತ್ರ ತಯಾರಿಸುವವನೂ ಒಂದೇ ಜಾತಿಯವರು. ನಮ್ಮ ಇತಿಹಾಸ ವಿಭಾಗದ ಮಿತ್ರರನ್ನು ಈ ವಿಚಾರ ಸಂಕಿರಣಕ್ಕೆ ಕರೆಯದಿರುವುದು ಕೊರತೆಯೇ.

ಈಗ ಆಯ್ಕೆಯ ಮಾತು. ಮೊದಲು ನೋಡಬೇಕಾದ್ದು ಮಾನ್ಯತೆ. 2020ರ ಯುಜಿಸಿ ನಿಯಮಾವಳಿ ಪ್ರಕಾರ ಆನ್‌ಲೈನ್ ಪದವಿ ಕೊಡಲು ಅನುಮತಿ ಪಡೆದ ವಿಶ್ವವಿದ್ಯಾಲಯ ಮತ್ತು ಕೋರ್ಸ್‌ಗಳ ಪಟ್ಟಿ ಯುಜಿಸಿಯ ದೂರಶಿಕ್ಷಣ ಬ್ಯೂರೊದ ತಾಣದಲ್ಲಿದೆ. ಅಂಥ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮಾನ ಎಂದು 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು. ನೀವು ಸೇರುವ ಕೋರ್ಸು, ನೀವು ಸೇರುವ ವರ್ಷದ ಪಟ್ಟಿಯಲ್ಲಿ ಇರಬೇಕು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1996ರಲ್ಲಿ ಹುಟ್ಟಿದ ನಮ್ಮ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯಾಚೆ ಕೇಂದ್ರಗಳನ್ನು ತೆರೆದು, ಅನುಮತಿಯಿಲ್ಲದ ತಾಂತ್ರಿಕ ಕೋರ್ಸ್‌ಗಳನ್ನು ನಡೆಸಿತೆಂದು ಯುಜಿಸಿ 2015ರಲ್ಲಿ ಆದೇಶ ಹೊರಡಿಸಿ, 2013–14ನೇ ಸಾಲಿನಿಂದಲೇ ಮಾನ್ಯತೆ ಇಲ್ಲವೆಂದಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ಅಂಕಪಟ್ಟಿಗಳು ಟ್ರಂಕಿನಲ್ಲೇ ಉಳಿದವು. ಇನ್ನು ‘ವಿದೇಶಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ’ ಎಂದು ಫೋನ್ ಮಾಡಿ ಬೆನ್ನುಹತ್ತುವ ಕಂಪನಿಗಳ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ‘ಸೀಟು ಇವತ್ತೇ ಮುಗಿಯುತ್ತೆ ಸರ್’ ಎನ್ನುವ ಸಲಹೆಗಾರನ ಧಾಟಿಗೂ ಡಿಜಿಟಲ್ ಅರೆಸ್ಟ್ ಮಾಡುವವನ ಧಾಟಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯದು, ಹೆಸರಿನಲ್ಲಿ ಜೋಡಿಯಾಗಿರುವ ಎರಡು ವಿದ್ಯೆಗಳು ಒಂದೇ ಅಲ್ಲ. ಸುರಕ್ಷತೆ ಕಳವಿಗೆ ಮುಂಚಿನ ಕೆಲಸ, ಫೊರೆನ್ಸಿಕ್ಸ್ ಕಳವಾದ ಮೇಲಿನದು. ರಾಮನಾಥಪುರದ ತಂಬಾಕು ಮಾರುಕಟ್ಟೆಯಲ್ಲಿ ಬೇಲು ಮಾರಿದ ರೈತನ ಹಣ ನೇರ ಖಾತೆಗೆ ಬೀಳುತ್ತದೆ, ಕನ್ನವೂ ಖಾತೆಗೇ ಬೀಳುತ್ತದೆ. 2023ರಲ್ಲಿ ರಾಜ್ಯದ ಹಲವೆಡೆ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ಕದ್ದು, ಆಧಾರ್ ಪಾವತಿಯ ಮೂಲಕ, ಒಟಿಪಿಯ ಗೋಜಿಲ್ಲದೆ ವಂಚಕರು ಖಾತೆಗಳಿಂದ ಹಣ ಎಳೆದರು. ಅಂಥ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ವ್ಯವಸ್ಥೆ ಕಟ್ಟುವವನು ಒಬ್ಬ. ಹಣ ಯಾವ ಯಂತ್ರದಿಂದ, ಯಾವ ಖಾತೆಗೆ ಹೋಯಿತೆಂದು ಬೆನ್ನಟ್ಟುವವನು ಇನ್ನೊಬ್ಬ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೊದ ಉಪಗ್ರಹಗಳನ್ನು ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಎಂಸಿಎಫ್) ಇದೆ. ಅಲ್ಲಿಗೆ ಬೇಕಾದ್ದು ಮೊದಲನೆಯವನು, ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಬೇಕಾದ್ದು ಎರಡನೆಯವನು. ಬಹಳ ಆನ್‌ಲೈನ್ ಕೋರ್ಸ್‌ಗಳ ಪಠ್ಯಕ್ರಮ ತೆರೆದರೆ ನೆಟ್‌ವರ್ಕ್, ಕ್ರಿಪ್ಟೋಗ್ರಫಿ, ಕ್ಲೌಡ್ ಎಲ್ಲ ಇದ್ದು, ಫೊರೆನ್ಸಿಕ್ಸ್ ಒಂದು ಐಚ್ಛಿಕ ಪತ್ರಿಕೆಯಾಗಿ ಮೂಲೆಯಲ್ಲಿರುತ್ತದೆ. ಅದು ತಪ್ಪಲ್ಲ. ಅದನ್ನು ಫೊರೆನ್ಸಿಕ್ಸ್ ಪದವಿ ಎಂದು ನಂಬಿ ಸೇರುವುದು ತಪ್ಪು.

ಹಾಗೆಯೇ ಎಂಜಿನಿಯರಿಂಗ್ ಪದವಿಗಳನ್ನು ಆನ್‌ಲೈನ್‌ನಲ್ಲಿ ನಡೆಸಲು ಸಾಮಾನ್ಯವಾಗಿ ಅನುಮತಿಯಿಲ್ಲ. ಆದ್ದರಿಂದ ನಿಮಗೆ ಸಿಗುವುದು ಹೆಚ್ಚಾಗಿ ಎಂಸಿಎ ಅಥವಾ ಎಂಎಸ್‌ಸಿ. ಐಐಟಿ ಕಾನ್ಪುರದ ಸೈಬರ್ ಸೆಕ್ಯುರಿಟಿ ಇ-ಮಾಸ್ಟರ್ಸ್‌ನಂಥವು ಬೇರೆ ದಾರಿಯವು. ಅವಕ್ಕೆ ಗೇಟ್ ಬೇಡ, ದುಡ್ಡು ಬೇಕು. ಫೊರೆನ್ಸಿಕ್ಸೇ ಬೇಕೆಂಬ ಹಟವಿದ್ದು, ಮನೆ ಬಿಡುವ ಅನುಕೂಲವಿದ್ದರೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಧಾರವಾಡಕ್ಕೇ ಬಂದಿದೆ, ಮೊದಲು ಅಲ್ಲಿ ವಿಚಾರಿಸಿ.

ಮನೆ ಬಿಡಲಾಗದವರ ಕಷ್ಟಕ್ಕೆ ಬರುತ್ತೇನೆ, ಏಕೆಂದರೆ ಈ ಸಭೆಯಲ್ಲಿ ಅವರೇ ಹೆಚ್ಚು. ಅರಕಲಗೂಡಿನ ಕಡೆಯ ಒಂದು ಹಳ್ಳಿ ಎಂದುಕೊಳ್ಳಿ. ಜಗಲಿಯ ಮೇಲೆ ಮಹಜರು ನಡೆಯುತ್ತಿದೆ. ಇಬ್ಬರು ಪಂಚರು, ಒಬ್ಬ ತನಿಖಾಧಿಕಾರಿ, ಚಾಪೆಯ ಮೇಲೆ ಆನ್ ಆಗಿರುವ, ಲಾಕ್ ತೆರೆದಿರುವ ಒಂದು ಫೋನು. ಆಫ್ ಮಾಡಿದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಆರೋಪಿ ಹೇಳದಿದ್ದರೆ ಒಳಗಿನದು ಒಳಗೇ ಉಳಿಯಬಹುದು. ಹಾಗೇ ಬಿಟ್ಟರೆ ದೂರದಲ್ಲಿ ಕೂತ ಯಾರಾದರೂ ಅಳಿಸಬಹುದು. ಏರೋಪ್ಲೇನ್ ಮೋಡ್‌ಗೆ ಹಾಕಿ, ಸಿಗ್ನಲ್ ತಡೆಯುವ ಚೀಲದಲ್ಲಿಟ್ಟು, ಚಾರ್ಜ್ ಇಳಿಯದಂತೆ ಪವರ್‌ಬ್ಯಾಂಕ್ ಜೋಡಿಸಬೇಕು. ಅಷ್ಟರಲ್ಲಿ ಯಾರೋ ಕುತೂಹಲಕ್ಕೆ ವಾಟ್ಸ್‌ಆ್ಯಪ್‌ನ ಒಂದು ಚಾಟ್ ತೆರೆದರೆ ಅದರಲ್ಲಿ ಓದದಿದ್ದ ಸಂದೇಶಗಳು ಓದಿದವಾಗುತ್ತವೆ, ಆರೋಪಿಯ ವಕೀಲರಿಗೆ ಅಷ್ಟು ಸಾಕು. ಹದಿನೈದು ಅಂಕಿಯ ಐಎಂಇಐ ಬರೆಯುವಾಗ ಒಂದು ಅಂಕಿ ತಪ್ಪಿದರೆ, ಜಪ್ತಿಯಾದ ಫೋನೇ ಬೇರೆ, ಪರೀಕ್ಷಿಸಿದ ಫೋನೇ ಬೇರೆ ಎಂದಾಗುತ್ತದೆ. ಮತ್ತು ಇಷ್ಟನ್ನೂ ಬರೆಯುವುದು ಕನ್ನಡದಲ್ಲಿ. ನಾನು ನೋಡಿದ ಆನ್‌ಲೈನ್ ಪಠ್ಯಕ್ರಮಗಳಲ್ಲಿ ಮಹಜರು ಬರೆಯುವುದನ್ನು ಕಲಿಸುವ ಒಂದೂ ಇಲ್ಲ.

ತೆರೆಯ ಮೇಲೆ ಕಲಿಯಬಹುದಾದ್ದು ಕಡಿಮೆಯೇನಲ್ಲ. ಆಟಾಪ್ಸಿ, ವೋಲಟಿಲಿಟಿ, ವೈರ್‌ಶಾರ್ಕ್ ಎಂಬ ತನಿಖಾ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ಅಭ್ಯಾಸಕ್ಕೆಂದೇ ತಯಾರಿಸಿದ ಡಿಸ್ಕ್ ಪ್ರತಿಗಳನ್ನು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಸಾರ್ವಜನಿಕವಾಗಿ ಇಟ್ಟಿದೆ. ಸೇರುವ ಮುನ್ನ ಕೋರ್ಸಿನವರನ್ನು ಕೇಳಿ: ಲ್ಯಾಬ್‌ನಲ್ಲಿ ನಾನೇ ಡಿಸ್ಕಿನ ಪ್ರತಿ ತೆಗೆಯುತ್ತೇನೆಯೇ, ಇಲ್ಲ ತೆಗೆದದ್ದನ್ನು ವಿಡಿಯೊದಲ್ಲಿ ನೋಡುತ್ತೇನೆಯೇ? ಬರೆದ ವರದಿಯನ್ನು ಓದಿ ತಿದ್ದುವವರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವರೇ? ಇದಕ್ಕೆ ಉತ್ತರ ತಡವಾದರೆ, ಶುಲ್ಕದ ರಿಯಾಯಿತಿ ಎಷ್ಟೇ ಇರಲಿ, ಬೇರೆ ಕೋರ್ಸ್ ನೋಡಿ. ಸರ್ಕಾರಿ ಪ್ರಯೋಗಾಲಯದ ಹುದ್ದೆಯ ಮೇಲೆ ಕಣ್ಣಿದ್ದರೆ ಹಿಂದಿನ ನೇಮಕಾತಿ ಅಧಿಸೂಚನೆಯನ್ನು ತೆಗೆದು, ಅದು ಕೇಳುವ ವಿಷಯದ ಹೆಸರೂ ನಿಮ್ಮ ಪದವಿಯ ಹೆಸರೂ ಅಕ್ಷರಶಃ ಹೊಂದುತ್ತವೆಯೇ ನೋಡಿಕೊಳ್ಳಿ.

ಉಳಿದದ್ದು ಕೈಕೆಲಸ. ಅದನ್ನು ಯಾವ ವಿಶ್ವವಿದ್ಯಾಲಯವೂ ಕೇಬಲ್ಲಿನಲ್ಲಿ ಕಳಿಸಲಾರದು, ಹಾಸನವೇ ಕೊಡಬೇಕು. ಇಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಬೇರೆ ಕಾಲೇಜುಗಳಿವೆ. ಭಾನುವಾರ ಎಲ್ಲ ಲ್ಯಾಬ್‌ಗಳಿಗೂ ಬೀಗ. ಎಲ್ಲಿಯ ಆನ್‌ಲೈನ್ ಪದವಿಗೆ ಸೇರಿದ್ದರೂ ಸರಿ, ಹಾಸನ ಮತ್ತು ಸುತ್ತಲಿನ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಒಂದು ಲ್ಯಾಬ್ ತೆರೆದಿಡಿ. ಹಳೆಯ ಫೋನು, ಹಾರ್ಡ್‌ಡಿಸ್ಕುಗಳನ್ನು ಊರವರಿಂದಲೇ ಕೇಳೋಣ, ಅದರಲ್ಲಿ ಅವರ ಮಾಹಿತಿ ಉಳಿದಿರುತ್ತದೆ ಎಂದು ಮೊದಲೇ ತಿಳಿಸಿ, ಲಿಖಿತ ಒಪ್ಪಿಗೆ ಪಡೆದು. ಮಹಜರು ಬರೆಸಲು ನಿವೃತ್ತ ಠಾಣಾ ಬರಹಗಾರರೊಬ್ಬರು, ಅಣಕು ಕಟಕಟೆ ಹೂಡಿ ಪಾಟೀಸವಾಲು ಮಾಡಲು ವಕೀಲರ ಸಂಘದಿಂದ ಇಬ್ಬರು ಬರಲಿ. ಇದಕ್ಕೆ ಯುಜಿಸಿಯ ಅನುಮತಿ ಬೇಕಿಲ್ಲ.

ಯಾವ ಕಾಲೇಜಿನ ಲ್ಯಾಬ್, ತಿಂಗಳಿಗೆ ಎಷ್ಟು ಭಾನುವಾರ, ಬೀಗದ ಕೈ ಯಾರ ಬಳಿ, ವಿದ್ಯುತ್ ಬಿಲ್ಲು ಯಾರದು ಎಂಬುದನ್ನು ಸಂಜೆಯ ಸಮಾರೋಪಕ್ಕೆ ಮುಂಚೆ ಪ್ರಾಂಶುಪಾಲರು ಕೂತು ಬರೆದುಕೊಟ್ಟರೆ ಈ ವಿಚಾರ ಸಂಕಿರಣದ ಖರ್ಚಿಗೆ ಅರ್ಥ ಬರುತ್ತದೆ. ಮೊದಲ ಗೋಷ್ಠಿಯವರು ಆಗಲೇ ಎರಡು ಸಲ ಗಡಿಯಾರ ನೋಡಿದರು.