ಮನೆಯಂಗಳದಲ್ಲಿ ಗೆಣಸಿನ ಬಳ್ಳಿ



ಮುಂಬಯಿ, ಪುಣೆಗಳಲ್ಲಿ ಏಕಾದಶಿಯ ಉಪವಾಸಕ್ಕೆ ಒದಗುವ ‘ರತಾಳೆ’, ದೆಹಲಿಯ ಚಳಿಗಾಲದ ಬೀದಿಗಳಲ್ಲಿ ಕೆಂಡದ ಮೇಲೆ ಬೇಯುವ ‘ಶಕರ್‌ಕಂದ್’, ಚೆನ್ನೈಯ ‘ಸರ್ಕರೈವಳ್ಳಿ ಕಿಳಂಗು’, ಹೈದರಾಬಾದಿನ ‘ಚಿಲಗಡದುಂಪ’, ಇವೆಲ್ಲವೂ ನಮ್ಮ ಸಂಕ್ರಾಂತಿಯ ಸಿಹಿಗೆಣಸೇ. ಬಿಸಿಲು ಚೆನ್ನಾಗಿ ಬೀಳುವ ತಾರಸಿಯೋ ಅಂಗಳದ ಮೂಲೆಯೋ ಇದ್ದವರು ಇದನ್ನು ತಾವೇ ಬೆಳೆದುಕೊಳ್ಳಬಹುದು. ಆದರೆ ಬೆಳೆಯ ಏಳುಬೀಳು ಬಹುಮಟ್ಟಿಗೆ ನಿರ್ಧಾರವಾಗುವುದು ನಾವು ನೆಡುವ ಬಳ್ಳಿಯ ತುಂಡಿನಿಂದ. ಆದ್ದರಿಂದ ಆ ಬಳ್ಳಿಯನ್ನು ಮನೆಯಲ್ಲಿಯೇ ಸಿದ್ಧಪಡಿಸುವ ಬಗೆಯನ್ನು ಇಂದು ವಿವರಿಸುತ್ತೇನೆ.

ಆಲೂಗೆಡ್ಡೆಯು ನೆಲದೊಳಗಿನ ಕಾಂಡ. ಅದನ್ನು ಕಣ್ಣಿರುವಂತೆ ಕತ್ತರಿಸಿ ನೆಡುವುದು ರೂಢಿ. ಗೆಣಸಾದರೋ ಉಬ್ಬಿದ ಬೇರು. ಇದನ್ನು ಕತ್ತರಿಸಿ ಹೂಳಿದರೆ ಕೊಳೆಯುವ ಸಂಭವವೇ ಅಧಿಕ. ಇಡೀ ಗೆಣಸನ್ನು ಮೊಳೆಯಿಸಿ, ಹೊರಟ ಕುಡಿಗಳನ್ನು ಕತ್ತರಿಸಿ ಬೇರೆಡೆ ನೆಡುವುದೇ ಸರಿಯಾದ ಕ್ರಮ.

ಮೊದಲನೆಯದು ಗೆಣಸಿನ ಆಯ್ಕೆ. ಸುಮಾರು 125ರಿಂದ 150 ಗ್ರಾಂ ತೂಗುವ, ಗಾಯವಿಲ್ಲದ, ಶೀತಪೆಟ್ಟಿಗೆಯಲ್ಲಿ ಇರಿಸದಿದ್ದ ಗೆಣಸನ್ನು ಆರಿಸಬೇಕು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಸಣ್ಣ ರಂಧ್ರಗಳು ಕಂಡರೆ ಅದನ್ನು ದೂರವಿಡಿ. ಅದು ಮೂತಿ ಹುಳುವಿನ ಗುರುತು. ಈ ಕೀಟದ ಮರಿಗಳು ಗೆಣಸಿನೊಳಗೆ ಸುರಂಗ ಕೊರೆಯುತ್ತವೆ. ಗೆಣಸು ಕಹಿಯಾಗಿ ತಿನ್ನಲು ಬಾರದಂತಾಗುತ್ತದೆ. ಒಂದು ಹುಳುಕು ಗೆಣಸು ಇಡೀ ತೋಟದ ಬೆಳೆಯನ್ನು ಕೆಡಿಸಬಲ್ಲದು. ಇಂತಹವನ್ನು ದನಕರುಗಳಿಗೆ ಹಾಕುವ ವಾಡಿಕೆಯೂ ಇದೆ. ಇದು ಅಪಾಯಕರ. ಕೊಳೆತು ಬೂಷ್ಟು ಹಿಡಿದ ಗೆಣಸಿನಲ್ಲಿ ಉಂಟಾಗುವ ವಿಷವು ದನಗಳ ಶ್ವಾಸಕೋಶಕ್ಕೆ ತಗಲಿ ಪ್ರಾಣವನ್ನೇ ತೆಗೆಯಬಹುದು.

ನೀರು ತುಂಬಿದ ಗಾಜಿನ ಲೋಟದಲ್ಲಿ ಗೆಣಸನ್ನು ನಿಲ್ಲಿಸಿ ಮೊಳೆಯಿಸುವುದು ಮಕ್ಕಳಿಗೆ ನೋಡಲು ಚೆಂದ. ಆದರೆ ಯಾವ ತುದಿ ಮೇಲಿರಬೇಕೆಂಬ ಗೊಂದಲ ಅಲ್ಲಿ ತಪ್ಪಿದ್ದಲ್ಲ. ಬಳ್ಳಿಗೆ ಅಂಟಿಕೊಂಡಿದ್ದ ತುದಿಯಲ್ಲಿಯೇ ಹೆಚ್ಚು ಮೊಳಕೆಗಳು ಬರುತ್ತವೆ. ಅಗಲವಾದ ತೊಟ್ಟಿಯಲ್ಲಿ ಮರಳು ಬೆರೆತ ಮಣ್ಣು ತುಂಬಿ, ಗೆಣಸನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಎರಡು ಬೆರಳಿನಷ್ಟು ಮಣ್ಣು ಮುಚ್ಚಿದರೆ ಈ ಚಿಂತೆಯೇ ಇಲ್ಲ. ತೊಟ್ಟಿಯ ತಳದಲ್ಲಿ ನೀರು ಬಸಿಯಲು ರಂಧ್ರಗಳಿರಲಿ. ಮಣ್ಣು ತೇವವಾಗಿದ್ದರೆ ಸಾಕು, ನೀರು ನಿಲ್ಲಬಾರದು. ಬೆಚ್ಚನೆಯ ಹವೆಯಲ್ಲಿ ಮೂರು ನಾಲ್ಕು ವಾರಗಳಲ್ಲಿ ಮೊಳಕೆಗಳು ಕಾಣಿಸಿಕೊಂಡು, ಆರೇಳು ವಾರಗಳಲ್ಲಿ ಕುಡಿಗಳು ಕತ್ತರಿಸುವಷ್ಟು ಬೆಳೆಯುತ್ತವೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಏಪ್ರಿಲ್ ನಡುವೆ ಗೆಣಸು ಹೂಳಿದರೆ ಜೂನ್ ಮಳೆಗೆ ಬಳ್ಳಿ ಸಿದ್ಧ. ಹಿಂಗಾರು ಮಳೆಯನ್ನು ನೆಚ್ಚುವ ಚೆನ್ನೈಯವರಿಗೆ ಆಗಸ್ಟ್ ಅನುಕೂಲ. ದೆಹಲಿಯಲ್ಲಿ ಚಳಿ ಪೂರ್ಣವಾಗಿ ಹಿಂದೆ ಸರಿಯುವವರೆಗೆ ಕಾಯಬೇಕು.

ಕುಡಿಯನ್ನು ಬುಡಸಹಿತ ಕೀಳಬೇಡಿ. ಮಣ್ಣಿನಿಂದ ಎರಡು ಬೆರಳು ಮೇಲೆ, ಚೊಕ್ಕಟವಾದ ಚಾಕುವಿನಿಂದ ಕತ್ತರಿಸಿ. ಹುಳುವಿನ ಮೊಟ್ಟೆಗಳೂ ಮಣ್ಣಿನ ರೋಗಗಳೂ ಬುಡದಲ್ಲಿಯೇ ಉಳಿದುಬಿಡುವ ಸಂಭವ ಇದರಿಂದ ಹೆಚ್ಚು. ತುಂಡು 20ರಿಂದ 30 ಸೆಂಟಿಮೀಟರ್ ಉದ್ದವಿರಲಿ. ಎಲೆಗಳನ್ನು ಕೀಳದೆ ಎರಡು ದಿನ ನೆರಳಿನಲ್ಲಿರಿಸಿ ನೆಟ್ಟರೆ ಬೇಗನೆ ಬೇರು ಬಿಡುತ್ತದೆ. ಎರಡು ಮೂರು ಗಿಣ್ಣುಗಳು ಮಣ್ಣಿನೊಳಗೆ ಸೇರುವಂತೆ ಊರಬೇಕು. ಗೊಬ್ಬರ ಅತಿಯಾದರೆ ಬಳ್ಳಿ ಹಬ್ಬುತ್ತದೆ, ಗೆಣಸು ಕಟ್ಟುವುದಿಲ್ಲ. ಮಣ್ಣು ಬಿರುಕು ಬಿಟ್ಟರೆ ಹುಳು ಆ ಮಾರ್ಗವಾಗಿಯೇ ಗೆಣಸನ್ನು ತಲುಪುವುದರಿಂದ ಆಗಾಗ ಬುಡಕ್ಕೆ ಮಣ್ಣು ಏರಿಸುತ್ತಿರಬೇಕು.

ತಳಿಯ ವಿಷಯವಾಗಿ ಒಂದು ಮಾತು. ಬಿಳಿಯ ತಿರುಳಿನ ಗೆಣಸಿಗಿಂತ ಕಿತ್ತಳೆ ಬಣ್ಣದ್ದರಲ್ಲಿ, ದೇಹವು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಬಹಳ ಹೆಚ್ಚು. ಮಕ್ಕಳ ಕಣ್ಣಿನ ಆರೋಗ್ಯಕ್ಕೆ ಇದು ಅವಶ್ಯಕ. 1963ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ‘ಶ್ರೀ ಕನಕ’, ‘ಭೂ ಸೋನಾ’ ಎಂಬ ಕಿತ್ತಳೆ ತಿರುಳಿನ ತಳಿಗಳನ್ನು ನೀಡಿದೆ. ದೊರೆತರೆ ಇವನ್ನೇ ಆರಿಸಿ.

ನೆಟ್ಟ ಮೂರೂವರೆ ನಾಲ್ಕು ತಿಂಗಳಿಗೆ ಗೆಣಸು ಅಗೆಯಲು ಬರುತ್ತದೆ. ಅಗೆಯುವ ಮುನ್ನ ಬಳ್ಳಿಯ ತುದಿಯಿಂದ ನಾಲ್ಕಾರು ತುಂಡುಗಳನ್ನು ಕತ್ತರಿಸಿ ಹೊಸ ಮಣ್ಣಿನ ಕುಂಡದಲ್ಲಿ ಊರಿಡಿ. ಮುಂದಿನ ಸಲ ಗೆಣಸನ್ನು ಮೊಳೆಯಿಸುವ ಕೆಲಸವೇ ಇರುವುದಿಲ್ಲ. ದೆಹಲಿಯವರು ಮಾತ್ರ ಚಳಿಗಾಲ ಮುಗಿಯುವವರೆಗೆ ಆ ಕುಂಡವನ್ನು ಮನೆಯೊಳಗೆ, ಬೆಳಕು ಬರುವ ಕಿಟಕಿಯ ಬಳಿ ಇರಿಸಿಕೊಳ್ಳಬೇಕು.