ಹೊಸ ಆವೃತ್ತಿ ಬರುವ ಮೊದಲೇ
(ಸಮ್ಮೇಳನಾಧ್ಯಕ್ಷರ ಭಾಷಣ)



ಅಧ್ಯಕ್ಷರು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಊಟದ ಮನೆಯ ಒಗ್ಗರಣೆ ಸಭಾಂಗಣಕ್ಕೆ ತಲುಪುವುದು ನಮ್ಮ ಸಮ್ಮೇಳನಗಳ ಹಳೆಯ ಪದ್ಧತಿ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ಕನ್ನಡ ಮತ್ತು ಕಂಪ್ಯೂಟರಿನ ವಿಷಯ ಬಂದಾಗಲೆಲ್ಲ ನಾವು ಎರಡೇ ರಾಗ ಹಾಡುತ್ತೇವೆ. ಒಂದು ಹೆಮ್ಮೆಯದು, ಇನ್ನೊಂದು ದೂರಿನದು. ಇವತ್ತು ಎರಡನ್ನೂ ಬದಿಗಿಟ್ಟು, ನಮ್ಮ ಕಸುಬಿನಲ್ಲಿ ನಡೆದುಹೋದ ಒಂದು ದೊಡ್ಡ ವಲಸೆಯ ಕಥೆ ಹೇಳುತ್ತೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡನೇ ಆವೃತ್ತಿಯಿಂದ ಮೂರನೆಯದಕ್ಕೆ ಆದ ವಲಸೆ ಅದು. ನಿಮ್ಮಲ್ಲಿ ಅರ್ಧದಷ್ಟು ಮಂದಿ ಅದರಲ್ಲಿ ಬೆಂದವರು. ಉಳಿದರ್ಧ ಮಂದಿಗೆ ಎರಡು ಎಂಬುದೊಂದು ಇತ್ತೆಂದೇ ಗೊತ್ತಿಲ್ಲ, ಅವರು ಪುಣ್ಯವಂತರು.

ಗೈಡೋ ವ್ಯಾನ್ ರೋಸಮ್ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರವೊಂದರಲ್ಲಿ ಕಟ್ಟಿದ ಈ ಭಾಷೆ 1991ರಲ್ಲಿ ಹೊರಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಅಡಿಪಾಯದಲ್ಲಿದ್ದ ಕೆಲವು ತಪ್ಪುಗಳು ಎದ್ದು ಕಾಣತೊಡಗಿದವು. ಅವನ್ನು ತಿದ್ದಬೇಕೆಂದರೆ ಹಳೆಯ ಕೋಡ್ ಮುರಿಯಲೇಬೇಕಿತ್ತು. 'ಪೈಥಾನ್ 3000' ಎಂಬ ಅಡ್ಡಹೆಸರಿನಲ್ಲಿ ವರ್ಷಗಟ್ಟಲೆ ಮಾತುಕತೆ ನಡೆದು, 2008ರ ಡಿಸೆಂಬರ್ 3ರಂದು 3.0 ಬಿಡುಗಡೆಯಾಯಿತು. ಹಳೆಯ ಪ್ರೋಗ್ರಾಂಗಳು ಇದರಲ್ಲಿ ಹಾಗೆಯೇ ಓಡುವುದಿಲ್ಲ ಎಂದು ಮೊದಲೇ ಸಾರಿ ಮಾಡಿದ ಬಿಡುಗಡೆ ಅದು.

ಹೊರಗಿನವರ ಕಣ್ಣಿಗೆ ಬಿದ್ದ ಬದಲಾವಣೆ ಪ್ರಿಂಟ್‌ನದು. ಇನ್ನು ಮುಂದೆ ಪ್ರಿಂಟ್‌ಗೆ ಬ್ರಾಕೆಟ್ ಹಾಕಬೇಕು ಎಂದಾಗ ಎದ್ದ ಗಲಾಟೆ ಕೇಳಿದ್ದರೆ, ಲೋಕದ ಪ್ರೋಗ್ರಾಮರುಗಳೆಲ್ಲ ಆ ಎರಡು ಕೀಲಿ ಒತ್ತಿಯೇ ಬೆರಳು ಸವೆಸಿಕೊಳ್ಳುತ್ತಾರೇನೋ ಅನಿಸುತ್ತಿತ್ತು. ಅಸಲಿಗೆ ಅದು ಅತಿ ಸುಲಭದ ಬದಲಾವಣೆ. ಬ್ರಾಕೆಟ್ ಇಲ್ಲದಿದ್ದರೆ ಯಂತ್ರವೇ ತಡೆದು ನಿಲ್ಲಿಸಿ ಹೇಳುತ್ತದೆ. ಭಯಪಡಬೇಕಾದದ್ದು ಸದ್ದಿಲ್ಲದೆ ಬದಲಾಗುವುದಕ್ಕೆ. ಐದನ್ನು ಎರಡರಿಂದ ಭಾಗಿಸಿದರೆ ಹಳೆಯದರಲ್ಲಿ ಉತ್ತರ 2, ಹೊಸದರಲ್ಲಿ 2.5. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಲೆಕ್ಕ ಮಾತ್ರ ಬೇರೆಯಾಗಿರುತ್ತದೆ. ಪರೀಕ್ಷೆಗಳನ್ನು ಬರೆದಿಟ್ಟುಕೊಂಡವರು ಉಳಿದರು. ಬರೆಯದವರು ಗ್ರಾಹಕರ ಫೋನಿಗಾಗಿ ಕಾದರು.

ಆದರೆ ಈ ವಲಸೆಯ ನಿಜವಾದ ಜಗಳ ಇದ್ದದ್ದು ಅಕ್ಷರದ ವಿಷಯದಲ್ಲಿ. ಅದು ನಮ್ಮ ಜಗಳ, ಆದರೂ ನಾವು ಅದನ್ನು ನಮ್ಮದೆಂದು ಗುರುತಿಸಲೇ ಇಲ್ಲ. ಇವತ್ತು ನಾನು ಆಡಬೇಕಾದ ಮಾತು ಇದೇ.

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ಉದ್ದ ಎಷ್ಟು ಎಂದು ಕೇಳಿದರೆ ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗ್ ಹದಿನೈದು ಎನ್ನುತ್ತಿತ್ತು. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಕ, ನ, ಹಲಂತ, ಮತ್ತೊಂದು ನ, ಡ, ಹೀಗೆ ಐದು ಸಂಕೇತ, ಐದು ಮೂರಲ ಹದಿನೈದು. ಪೈಥಾನ್ 3 ಐದು ಎನ್ನುತ್ತದೆ. ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ. ಮಗುವಿನ ಉತ್ತರವೇ ಸರಿ ಎಂದು ಈ ಸಭೆ ಠರಾವು ಪಾಸು ಮಾಡಿದರೆ ನನ್ನ ಅಡ್ಡಿಯಿಲ್ಲ. ಆದರೆ ಹದಿನೈದರಿಂದ ಐದಕ್ಕೆ ಬಂದದ್ದು ಸಣ್ಣ ದಾರಿಯಲ್ಲ.

ಹಳೆಯದರಲ್ಲಿ ಎರಡು ಬಗೆಯ ಸ್ಟ್ರಿಂಗ್ ಇದ್ದವು. ಒಂದು ಬರಿಯ ಬೈಟುಗಳ ಸಾಲು, ಇನ್ನೊಂದು ಯೂನಿಕೋಡ್. ಇವೆರಡನ್ನೂ ಬೆರೆಸಿದರೆ ಭಾಷೆ ತಾನಾಗಿಯೇ ಆಸ್ಕಿ ಎಂದು ಊಹಿಸಿಕೊಂಡು ಹೊಂದಿಸಿಬಿಡುತ್ತಿತ್ತು. ಇಂಗ್ಲಿಷ್ ಹೆಸರುಗಳಿಟ್ಟು ಪರೀಕ್ಷಿಸಿದರೆ ಎಲ್ಲವೂ ಸುಸೂತ್ರ. ಆಸ್ಕಿಯ ಲೆಕ್ಕ 127ಕ್ಕೆ ಮುಗಿಯುತ್ತದೆ. ನಮ್ಮ ಪ್ರತಿ ಅಕ್ಷರದ ಮೊದಲ ಬೈಟೇ 224. ಹಾಗಾಗಿ ತಿಂಗಳುಗಟ್ಟಲೆ ಸರಿಯಾಗಿ ಓಡಿದ ವ್ಯವಸ್ಥೆ, ಯಾರೋ ಒಬ್ಬರು ಅರ್ಜಿಯಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದ ದಿನ ಕುಸಿದು ಬೀಳುತ್ತಿತ್ತು. ಆಮೇಲೆ ನಮ್ಮ ತಂಡಗಳು ಏನು ಮಾಡುತ್ತಿದ್ದವು? ತಪ್ಪು ಎಲ್ಲಿದೆ ಎಂದು ಹುಡುಕುವ ಬದಲು, ಅರ್ಜಿಯ ಕೆಳಗೆ 'ಇಂಗ್ಲಿಷಿನಲ್ಲಿ ಮಾತ್ರ ತುಂಬಿ' ಎಂಬ ಸಾಲು ಸೇರಿಸುತ್ತಿದ್ದವು. ಅಂಥ ಸಾಲುಗಳು ಇನ್ನೂ ಎಷ್ಟೋ ಕಡೆ ಉಳಿದುಕೊಂಡಿವೆ.

ಪೈಥಾನ್ 3 ಈ ಊಹೆಯನ್ನೇ ಕಿತ್ತುಹಾಕಿತು. ಪಠ್ಯ ಬೇರೆ, ಬೈಟ್ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಯಾವ ಎನ್‌ಕೋಡಿಂಗ್ ಎಂದು ಬಾಯಿಬಿಟ್ಟು ಹೇಳಬೇಕು. ಇಂಗ್ಲಿಷಿನಲ್ಲಷ್ಟೇ ವ್ಯವಹರಿಸುತ್ತಿದ್ದವರಿಗೆ ಇದು ಸುಮ್ಮನೆ ತಲೆನೋವು, ತಮಗಿಲ್ಲದ ರೋಗಕ್ಕೆ ಮದ್ದು ಕುಡಿಸಿದ ಹಾಗೆ. ನಮಗೆ ರೋಗ ಇತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಕಾಲ ನೆನಪಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡತದೊಳಗೆ ಇದ್ದದ್ದು ಯಾವುದೋ ಸಂಕೇತ, ಅದಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟ್. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪತ್ರ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಅರ್ಥ ಕಡತದಲ್ಲಿರಲಿಲ್ಲ, ನೋಡುವವರ ಏರ್ಪಾಟಿನಲ್ಲಿತ್ತು. ಪೈಥಾನ್ 2ರ ಬೈಟ್ ಸ್ಟ್ರಿಂಗಿನ ಹಣೆಬರಹವೂ ಇದೇ. ಯೂನಿಕೋಡಿಗೆ ಹೋದ ಕನ್ನಡಿಗರು ಈ ಪಾಠವನ್ನು ಒಮ್ಮೆ ಕಲಿತಿದ್ದರು. ಪೈಥಾನಿನ ಹೊಸ ಆವೃತ್ತಿ ಬಂದಾಗ ಅದನ್ನು ಮೊದಲು ಬರಮಾಡಿಕೊಳ್ಳಬೇಕಾದವರು ನಾವಾಗಿದ್ದೆವು.

ಆದದ್ದೇ ಬೇರೆ. ಪೈಥಾನ್ ಬಳಗದ ಸಮ್ಮೇಳನವಾದ ಪೈಕಾನ್ ಭಾರತದಲ್ಲಿ ಮೊದಲ ಬಾರಿಗೆ 2009ರ ಸೆಪ್ಟೆಂಬರಿನಲ್ಲಿ ಇದೇ ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯಿತು. 3.0 ಬಂದು ಆಗಿನ್ನೂ ಹತ್ತು ತಿಂಗಳು ತುಂಬಿರಲಿಲ್ಲ. ಊರಿನಲ್ಲಿ ಪ್ರತಿಭೆಗೆ ಬರವಿರಲಿಲ್ಲ, ಉತ್ಸಾಹಕ್ಕೂ ಬರವಿರಲಿಲ್ಲ. ಆದರೂ ನಾವು ಕಾದೆವು. ಅಮೆರಿಕದ ಗ್ರಾಹಕ ಹೇಳಲಿ, ಆಗ ನೋಡೋಣ ಎಂದು ಕಾದೆವು. ಗ್ರಾಹಕ ಹೇಳಿದ, ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಪೈಥಾನ್ 2ಕ್ಕೆ ಬೆಂಬಲ ನಿಲ್ಲುವ ಗಡುವು ಕುತ್ತಿಗೆಗೆ ಬಂದಿತ್ತು.

ಕಾದವರದ್ದೇ ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಭಾಷೆ ಕಟ್ಟಿದವರ ಲೆಕ್ಕಾಚಾರವೂ ಕೆಟ್ಟಿತ್ತು. ನಿಮ್ಮ ಕೋಡನ್ನು ಎರಡರಲ್ಲೇ ಇಟ್ಟುಕೊಳ್ಳಿ, ನಾವು ಕೊಡುವ ಟೂಲ್ ಅದನ್ನು ಮೂರಕ್ಕೆ ಪರಿವರ್ತಿಸುತ್ತದೆ ಎಂಬುದು ಅವರ ಮೊದಲ ಸಲಹೆ. ನಿಜದಲ್ಲಿ ಹಾಗೆ ಯಾರೂ ಬಾಳಲಾಗಲಿಲ್ಲ. ಲೈಬ್ರರಿ ಬರೆಯುವವರಿಗೆ ಒಂದೇ ಕೋಡ್ ಎರಡೂ ಕಡೆ ಓಡಬೇಕಿತ್ತು, ಯಾಕೆಂದರೆ ಅವರ ಬಳಕೆದಾರರು ಎರಡೂ ದಡದಲ್ಲಿ ನಿಂತಿದ್ದರು. ಬಳಕೆದಾರರು ಲೈಬ್ರರಿಗಾಗಿ ಕಾಯುತ್ತಿದ್ದರು, ಲೈಬ್ರರಿಯವರು ಬಳಕೆದಾರರಿಗಾಗಿ ಕಾಯುತ್ತಿದ್ದರು. ನೀ ಮೊದಲು, ನೀ ಮೊದಲು ಎಂಬ ಲಖನೌ ನವಾಬರ ಮರ್ಯಾದೆಯಲ್ಲಿ ರೈಲು ಹೊರಟೇಹೋಯಿತು. ಸಾಲದ್ದಕ್ಕೆ 3.0ರಲ್ಲಿ ಫೈಲ್ ಓದುವ ಬರೆಯುವ ಕೆಲಸ ತೀರಾ ನಿಧಾನ. ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದು 2009ರಲ್ಲಿ 3.1 ತರಬೇಕಾಯಿತು. ಮೊದಲ ದಿನವೇ ನೆಗೆದವರಿಗೆ ಸಿಕ್ಕ ಬಹುಮಾನ ಅದು.

ಈ ಗಂಟನ್ನು ಬಿಡಿಸಿದ್ದು ಸಣ್ಣ ಸಣ್ಣ ಕೆಲಸಗಳು. 'ಸಿಕ್ಸ್' ಎಂಬ ಪುಟ್ಟ ಲೈಬ್ರರಿ ಬಂತು. ಎರಡು ಮೂರಲ ಆರು ಎಂಬುದೇ ಅದರ ಹೆಸರಿನ ಗುಟ್ಟು. ಎರಡೂ ಆವೃತ್ತಿಗಳಲ್ಲಿ ಓಡುವ ಕೋಡ್ ಬರೆಯುವುದು ಅದರಿಂದ ಸಾಧ್ಯವಾಯಿತು. ಭಾಷೆಯೂ ತನ್ನ ಹಟ ಸಡಿಲಿಸಿತು. ಯೂನಿಕೋಡ್ ಸ್ಟ್ರಿಂಗಿನ ಮುಂದೆ 'ಯು' ಬರೆಯುವ ಹಳೆಯ ಪದ್ಧತಿಯನ್ನು 3.0 ಕಿತ್ತೆಸೆದಿತ್ತು. 2012ರ 3.3ರಲ್ಲಿ ಅದನ್ನು ವಾಪಸು ಕರೆತಂದರು. ಬೈಟುಗಳಲ್ಲಿ ಶೇಕಡಾ ಚಿಹ್ನೆಯ ಫಾರ್ಮ್ಯಾಟಿಂಗ್ 2015ರ 3.5ರಲ್ಲಿ ಮರಳಿತು. ಇವೆರಡರಿಂದ ಆದ ಉಪಕಾರ ನೂರು ಉಪನ್ಯಾಸಗಳಿಂದ ಆಗಿರಲಿಲ್ಲ. ಹೊಂದಿಕೊಳ್ಳುವುದು ಬಳಕೆದಾರನ ಕರ್ಮ ಮಾತ್ರ ಎಂದು ತಿಳಿದಿರುವ ತಂತ್ರಜ್ಞರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಗಡುವಿನ ಕಥೆ ನಿಮಗೆ ಗೊತ್ತು. ಎರಡರ ಸಾಲಿನ ಕೊನೆಯದಾದ 2.7ಕ್ಕೆ ಮೊದಲು ಕೊಟ್ಟ ಆಯುಸ್ಸು 2015ರವರೆಗೆ. 2014ರಲ್ಲಿ ಅದನ್ನು ಇನ್ನೈದು ವರ್ಷ ಬೆಳೆಸಿ 2020ಕ್ಕೆ ಒಯ್ದರು, ಆಮೇಲೆ 2020ರ ಜನವರಿ 1 ಎಂದು ನಿಗದಿ ಮಾಡಿದರು. ಕೊನೆಯ 2.7.18 ಆ ಏಪ್ರಿಲ್‌ನಲ್ಲಿ ಬಂತು. ಜನರನ್ನು ದಾಟಿಸಿದ್ದು ಗಡುವೊಂದೇ ಅಲ್ಲ, ದಾಟಿದರೆ ಸಿಗುವ ರುಚಿಯೂ ಹೌದು. 3.5ರಲ್ಲಿ ಅಸಿಂಕ್-ಅವೇಟ್ ಬಂತು, 2016ರ ಕೊನೆಯಲ್ಲಿ 3.6 ಎಫ್-ಸ್ಟ್ರಿಂಗ್ ತಂದಿತು. ಒಮ್ಮೆ ಎಫ್-ಸ್ಟ್ರಿಂಗ್ ಬರೆದವರಿಗೆ ಹಳೆಯದಕ್ಕೆ ಮರಳುವ ಮನಸ್ಸಾಗಲಿಲ್ಲ. ಇನ್‌ಸ್ಟಾಗ್ರಾಮಿನವರು 2017ರ ಹೊತ್ತಿಗೆ ತಮ್ಮ ಬೃಹತ್ ಕೋಡನ್ನು ಮೂರಕ್ಕೆ ತಂದಿದ್ದರು. ಪ್ರತ್ಯೇಕ ಶಾಖೆ ತೆಗೆದು ವರ್ಷ ಕಳೆದ ಮೇಲೆ ಬೆಸೆಯುವ ಗೋಜಿಗೆ ಅವರು ಹೋಗಲಿಲ್ಲ. ದಿನನಿತ್ಯದ ಕೆಲಸ ನಡೆಯುವ ಕೋಡಿನಲ್ಲೇ ಎರಡೂ ಆವೃತ್ತಿಗೆ ಒಗ್ಗುವಂತೆ ಸ್ವಲ್ಪ ಸ್ವಲ್ಪವೇ ತಿದ್ದಿದರು. ವಲಸೆಗೆಂದು ಪ್ರತ್ಯೇಕ ತಂಡ, ಪ್ರತ್ಯೇಕ ಶಾಖೆ, ಪ್ರತ್ಯೇಕ ಮುಹೂರ್ತ ಇಟ್ಟುಕೊಂಡ ಕಡೆಗಳಲ್ಲಿ ಏನಾಯಿತು ಎಂಬುದನ್ನು ಊಟದ ಹೊತ್ತಿಗೆ ಪರಸ್ಪರ ಹೇಳಿಕೊಳ್ಳಿ. ವೇದಿಕೆಯ ಮೇಲೆ ಬೇಡ.

ಕಾಯುವುದರಲ್ಲೂ ಬಗೆಗಳಿವೆ. ಪರ್ಲ್ ಎಂಬ ಇನ್ನೊಂದು ಭಾಷೆಯ 6ನೇ ಆವೃತ್ತಿ ಬರುತ್ತದೆಂದು 2000ದ ಜುಲೈನಲ್ಲಿ ಘೋಷಣೆಯಾಯಿತು. ಕ್ರಿಸ್‌ಮಸ್‌ಗೆ ಬರುತ್ತದೆ, ಯಾವ ವರ್ಷದ ಕ್ರಿಸ್‌ಮಸ್ ಎಂದು ಕೇಳಬೇಡಿ ಎಂಬ ತಮಾಷೆ ಹುಟ್ಟಿಕೊಂಡಿತು. ಕೊನೆಗೆ ಕ್ರಿಸ್‌ಮಸ್‌ಗೇ ಬಂತು, 2015ರದಕ್ಕೆ. ಅಷ್ಟರಲ್ಲಿ ಕಾದವರ ಕೂದಲು ನೆರೆತು, ಹೊಸಬರು ಬೇರೆ ಭಾಷೆ ಹಿಡಿದಿದ್ದರು. 2019ರಲ್ಲಿ ಅದಕ್ಕೆ ರಾಕು ಎಂದು ಮರುನಾಮಕರಣವೂ ಆಯಿತು. ಪಿಎಚ್‌ಪಿ ಭಾಷೆಯ 6ನೇ ಆವೃತ್ತಿಯ ಪಾಡು ಇನ್ನೂ ವಿಚಿತ್ರ. ಭಾಷೆಯ ಒಡಲಿಗೇ ಯೂನಿಕೋಡ್ ತುಂಬಲು ಹೊರಟು, ಭಾರ ತಾಳದೆ 2010ರಲ್ಲಿ ಕೈಬಿಟ್ಟರು. ಆದರೆ ಆ ಹೊತ್ತಿಗೆ ಪಿಎಚ್‌ಪಿ 6 ಕಲಿಸುವ ಪುಸ್ತಕಗಳು ಅಂಗಡಿಗೆ ಬಂದಿದ್ದವು! ಮುಂದಿನದನ್ನು 7 ಎಂದೇ ಕರೆದರು. ಹುಟ್ಟದ ಕೂಸಿಗೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಮಾತ್ರ ಇರುವ ಅಭ್ಯಾಸವಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಈಗ ಮುಂದಿನ ಮಾತು. ಪೈಥಾನಿನವರು ಅಂಥ ಇನ್ನೊಂದು ಮಹಾವಲಸೆ ಬೇಡವೆಂದು ತೀರ್ಮಾನಿಸಿದ್ದಾರೆ. ಈಗ ವರ್ಷಕ್ಕೊಂದು ಆವೃತ್ತಿ. ಮೇ ತಿಂಗಳಲ್ಲಿ ಮೊದಲ ಬೀಟಾ, ಅಲ್ಲಿಂದ ಮುಂದೆ ಹೊಸ ಸೌಲಭ್ಯ ಸೇರಿಸುವುದಿಲ್ಲ, ಬರೀ ತಪ್ಪು ತಿದ್ದುವುದು. ಅಕ್ಟೋಬರಿನಲ್ಲಿ ಬಿಡುಗಡೆ. ನಮಗೆ ಬೇಕಾದ ಬದಲಾವಣೆಗಳು ಈ ತಿಂಗಳುಗಳ ನಡುವೆಯೇ ಗೆಲ್ಲುತ್ತವೆ ಅಥವಾ ಸೋಲುತ್ತವೆ.

ಬೇಕಾದದ್ದು ಇನ್ನೇನಿದೆ ಎನ್ನುತ್ತೀರಾ? ಬಹಳ ಇದೆ. ಪದಗಳನ್ನು ಹೆಕ್ಕಲು ಎಲ್ಲರೂ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುತ್ತೇವೆ. 3.12ರಲ್ಲಿ 'ಕನ್ನಡ' ಎಂಬ ಪದವನ್ನು ಅದಕ್ಕೆ ಕೊಟ್ಟರೆ 'ಕನ', 'ನಡ' ಎಂದು ಎರಡು ಪದ ಮಾಡಿ ಕೊಡುತ್ತದೆ. ನಡುವಿನ ಹಲಂತ ಅದರ ಪಾಲಿಗೆ ಪದದ ಭಾಗವೇ ಅಲ್ಲ. ಅದೇ 'ಕನ್ನಡ'ದಲ್ಲಿ ಇರುವುದೆಲ್ಲ ಅಕ್ಷರವೇ ಎಂದು ಪೈಥಾನನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಸ್ವರಚಿಹ್ನೆಗಳಿಗೂ ಇದೇ ಗತಿ. ಹುಡುಕುವ ಯಂತ್ರ, ಕಾಗುಣಿತ ಪರೀಕ್ಷಕ, ಪದಪಟ್ಟಿ ಮಾಡುವ ವಿದ್ಯಾರ್ಥಿಗಳೆಲ್ಲ ಈ ಕಲ್ಲಿಗೆ ಎಡವಿ, ತಮ್ಮ ತಮ್ಮಲ್ಲೇ ಏನೋ ಒಂದು ಉಪಾಯ ಹೂಡಿ ಸುಮ್ಮನಾಗುತ್ತಾರೆ.

ಇನ್ನೊಂದು ವಿಂಡೋಸಿನದು. ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ ಪೈಥಾನ್ 3 ಕೂಡ ಅಲ್ಲಿ ಕಂಪ್ಯೂಟರಿನ ಹಳೆಯ ಕೋಡ್‌ಪೇಜನ್ನೇ ಹಿಡಿಯುತ್ತದೆ. ಸಾಮಾನ್ಯವಾಗಿ ಅದು 1252. 'ಮರ' ಎಂಬ ಪದವಿದ್ದ ಫೈಲ್ ತಕರಾರಿಲ್ಲದೆ ಓದಿಸಿಕೊಂಡು ಕಸವಾಗಿ ಹೊರಬರುತ್ತದೆ. 'ಅಮ್ಮ' ಎಂದಿದ್ದರೆ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಹಲಂತದ ಕೊನೆಯ ಬೈಟಿಗೆ ಆ ಕೋಡ್‌ಪೇಜಿನಲ್ಲಿ ಜಾಗವೇ ಇಲ್ಲ. ಒತ್ತಕ್ಷರ ಬಂದಲ್ಲಿ ಉಸಿರು ಕಟ್ಟುವ ಪ್ರೋಗ್ರಾಂ! 3.15ರಿಂದ ಯುಟಿಎಫ್-8 ಅನ್ನೇ ಎಲ್ಲೆಡೆ ಪೂರ್ವನಿಯೋಜಿತವಾಗಿ ಇಡುವ ಪ್ರಸ್ತಾವಕ್ಕೆ ಒಪ್ಪಿಗೆ ಸಿಕ್ಕಿದೆ. ಹಿಂದೆ ಕೂತು ಕಾದ ನಮಗೆ ಇದು ಅನಾಯಾಸ ಲಾಭ. ಆದರೆ ಹಳೆಯ ಕೋಡ್‌ಪೇಜನ್ನೇ ನಂಬಿ ಬರೆದ ಪ್ರೋಗ್ರಾಂಗಳು ನಮ್ಮ ಕಚೇರಿಗಳಲ್ಲೂ ಇವೆ, ಅವು ಅಂದು ಮುರಿಯುತ್ತವೆ. ಅವನ್ನು ಈಗಲೇ ಹುಡುಕಿ, ಫೈಲ್ ತೆರೆಯುವ ಪ್ರತಿ ಸಾಲಿನಲ್ಲೂ ಎನ್‌ಕೋಡಿಂಗ್ ಬರೆಯಿರಿ. ಇದಕ್ಕೆ ಹೊಸ ಆವೃತ್ತಿ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು.

ಈ ಸಮ್ಮೇಳನದಿಂದ ನಾನು ಕೇಳುವುದು ಠರಾವನ್ನಲ್ಲ. ಇಲ್ಲಿರುವ ಕಾಲೇಜುಗಳ ಅಧ್ಯಾಪಕರು ಮುಂದಿನ ಮೇ ತಿಂಗಳಲ್ಲಿ ಮೊದಲ ಬೀಟಾ ಬಂದ ದಿನ ತಮ್ಮ ವಿದ್ಯಾರ್ಥಿಗಳಿಂದ ಅದನ್ನು ಇನ್‌ಸ್ಟಾಲ್ ಮಾಡಿಸಲಿ. ಕನ್ನಡ ಪಠ್ಯವನ್ನು ಅದರ ಬಾಯಿಗೆ ಹಾಕಿ ನೋಡಲಿ. ಒತ್ತಕ್ಷರ, ಅರ್ಕಾವತ್ತು, ಕನ್ನಡ ಅಂಕಿ ಎಲ್ಲವೂ ಇರಲಿ. ತಪ್ಪು ಕಂಡರೆ ಬೈದು ಸುಮ್ಮನಾಗದೆ, ಮತ್ತೊಬ್ಬರು ಮಾಡಿ ನೋಡಬಹುದಾದ ಐದು ಸಾಲಿನ ಕೋಡಿನೊಂದಿಗೆ ಪೈಥಾನಿನವರಿಗೆ ವರದಿ ಬರೆಯಲಿ. ಬರೆಯುವ ಇಂಗ್ಲಿಷ್ ಸೊಟ್ಟಗಿದ್ದರೂ ಪರವಾಗಿಲ್ಲ. ನಿಮ್ಮಲ್ಲಿ ಯಾರು ಈ ಕೆಲಸಕ್ಕೆ ಬರುತ್ತೀರೋ ಅವರು ಊಟಕ್ಕೆ ಏಳುವ ಮೊದಲು ಸ್ವಾಗತ ಸಮಿತಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆದು ಹೋಗಿ. ಕನ್ನಡದಲ್ಲೇ ಬರೆಯಿರಿ.